ಮುಗ್ಗಲು ಹಿಡಿದ ಸಾಕ್ಷ್ಯ

ಜೂನ್ ತಿಂಗಳು ಬಂತೆಂದರೆ ನೋಯ್ಡಾ, ಗುರುಗ್ರಾಮ, ದ್ವಾರಕಾ ಕಡೆಯ ಕನ್ನಡದ ಮನೆಗಳಿಂದ ನನಗೆ ಫೋನು ಬರತೊಡಗುತ್ತದೆ. ಮೂವತ್ತು ವರ್ಷ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿದವನು ಎಂಬ ಕಾರಣಕ್ಕೆ. ಇತ್ತೀಚೆಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ದಾವಣಗೆರೆ ಕಡೆಯ ತಂದೆಯೊಬ್ಬರು ಕೇಳಿದ್ದು ಹೀಗೆ: “ಮೇಷ್ಟ್ರೇ, ಮಗಳಿಗೆ ಫೊರೆನ್ಸಿಕ್ ಮಾಡಬೇಕಂತೆ. ಒಂದು ಕಡೆ ಬಿಎಸ್ಸಿ ಫೊರೆನ್ಸಿಕ್ ಸೀಟಿದೆ, ಇನ್ನೊಂದು ಕಡೆ ಮೈಕ್ರೊಬಯಾಲಜಿ ಆನರ್ಸ್. ಕೊಲೆ ಕೇಸಿಗೂ ಬ್ಯಾಕ್ಟೀರಿಯಾಕ್ಕೂ ಏನು ಸಂಬಂಧ? ಈಗ ಎಲ್ಲ ಡಿಎನ್‌ಎ ಮೆಷೀನೇ ಹೇಳಿಬಿಡುತ್ತಲ್ಲ?”

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಟಿವಿ ಧಾರಾವಾಹಿ, ವೃತ್ತಪತ್ರಿಕೆ, ಕಾಲೇಜುಗಳ ಜಾಹೀರಾತು, ಕೆಲವೊಮ್ಮೆ ನ್ಯಾಯಾಲಯದ ಮೊಗಸಾಲೆ ಕೂಡ ಇದನ್ನೇ ಹೇಳುತ್ತವೆ. ಡಿಎನ್‌ಎ ಸುಳ್ಳಾಡುವುದಿಲ್ಲ, ಯಂತ್ರಕ್ಕೆ ಪಕ್ಷಪಾತವಿಲ್ಲ, ಆದ್ದರಿಂದ ಯಂತ್ರ ನಡೆಸಲು ಬಂದರೆ ಸಾಕು ಎಂದು. ಜುಲೈ 1, 2024ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ ಮೇಲೆ ಈ ನಂಬಿಕೆಗೆ ರೆಕ್ಕೆ ಮೂಡಿದೆ. ಅದರ 176(3)ನೇ ಕಲಮಿನ ಪ್ರಕಾರ ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಅಷ್ಟು ತಜ್ಞರು ಎಲ್ಲಿದ್ದಾರೆ? ಹಾಗಾಗಿ ದೆಹಲಿಯ ಸುತ್ತ ಫೊರೆನ್ಸಿಕ್ ಪದವಿಗೆ ನೂಕುನುಗ್ಗಲು.

ನನ್ನ ವಾದ ಇದಕ್ಕೆ ಎದುರಾಗಿದೆ. ಅಪರಾಧ ಪತ್ತೆಯ ಜೈವಿಕ ಸಾಕ್ಷ್ಯ ಗೆಲ್ಲುವುದೂ ಸೋಲುವುದೂ ಯಂತ್ರದ ಬಳಿ ಬರುವ ಮೊದಲೇ. ರಕ್ತದ ಕಲೆಯನ್ನು ಮೊದಲು ಮುಟ್ಟುವವರು ಪೊಲೀಸರಲ್ಲ, ತಜ್ಞರೂ ಅಲ್ಲ. ಅವರಿಗಿಂತ ಮುಂಚೆ ಅಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಕೆಲಸ ಶುರುಮಾಡಿರುತ್ತವೆ. ಅವುಗಳನ್ನು ಅರಿಯದವರಿಗೆ ಆ ಕಲೆಯನ್ನು ಓದಲಾಗದು.

ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರೆಬರೆ ಒಣಗಿದ ಬಟ್ಟೆಯನ್ನು ಮಡಚಿಟ್ಟರೆ ನಾಲ್ಕು ದಿನಕ್ಕೆ ಮುಗ್ಗಲು ವಾಸನೆ, ಎಂಟು ದಿನಕ್ಕೆ ಕಪ್ಪು ಚುಕ್ಕೆ. ಬರೀ ನೀರಿನ ಪಸೆಗೇ ಹೀಗಾದರೆ ರಕ್ತ ಮೆತ್ತಿದ ಬಟ್ಟೆಗೆ ಏನಾಗಬೇಡ? ರಕ್ತವೆಂದರೆ ಸೂಕ್ಷ್ಮಜೀವಿಗಳ ಪಾಲಿಗೆ ಪ್ರೋಟೀನು, ಕಬ್ಬಿಣ, ಲವಣ ಎಲ್ಲ ಹದವಾಗಿ ಬೆರೆತ ಊಟ. ಪ್ರಯೋಗಾಲಯದಲ್ಲಿ ನಾವೇ ಅಗಾರ್‌ಗೆ ರಕ್ತ ಬೆರೆಸಿ ಅವನ್ನು ಬೆಳೆಸುತ್ತೇವೆ. ಅನುಕೂಲ ಸಿಕ್ಕರೆ ಇ. ಕೋಲಿಯಂಥ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಬೆಳೆಯುತ್ತ ಅವು ನ್ಯೂಕ್ಲಿಯೇಸ್ ಎಂಬ ಕಿಣ್ವಗಳನ್ನು ಹೊರಬಿಡುತ್ತವೆ, ಆ ಕಿಣ್ವಗಳು ಡಿಎನ್‌ಎ ಎಳೆಯನ್ನು ತುಂಡು ತುಂಡು ಮಾಡುತ್ತವೆ. ರಕ್ತಸಿಕ್ತ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿ ಇಡಬೇಕು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಬಾರದು ಎಂದು ಪಠ್ಯಪುಸ್ತಕ ಹೇಳುವುದು ಇದಕ್ಕೇ. ಫೊರೆನ್ಸಿಕ್ ವಿದ್ಯಾರ್ಥಿ ಈ ನಿಯಮವನ್ನು ಬಾಯಿಪಾಠ ಮಾಡುತ್ತಾನೆ. ಕಾರಣ ತಿಳಿಯದೆ ನಿಯಮ ಕಲಿತವನು ಆಗಸ್ಟ್ ತಿಂಗಳ ದೆಹಲಿಯಲ್ಲಿ, ಹೊರಗೆ ಧೋ ಎಂದು ಮಳೆ ಸುರಿಯುವಾಗ, ಕರೆಂಟಿಲ್ಲದ ಠಾಣೆಯಲ್ಲಿ ಏನು ಮಾಡಬೇಕೆಂದು ಹೊಳೆಯದೆ ನಿಲ್ಲುತ್ತಾನೆ. ಪುಸ್ತಕದಲ್ಲಿ ಆ ಸಂದರ್ಭ ಇರುವುದಿಲ್ಲ.

ನಮ್ಮ ದೇಶದ ರಕ್ತಪರೀಕ್ಷಾ ವರದಿಗಳಲ್ಲಿ ದಶಕಗಳಿಂದ ಮರುಕಳಿಸುತ್ತಿರುವ ಮಾತೊಂದಿದೆ: ‘ವಿಘಟನೆಗೊಂಡ ಕಾರಣ ಮೂಲ ನಿರ್ಧರಿಸಲಾಗಲಿಲ್ಲ’. ಕೊಡಲಿಯ ಮೇಲೆ ರಕ್ತವಿದೆ, ಆದರೆ ಅದು ಮನುಷ್ಯರದೋ ಪ್ರಾಣಿಯದೋ ಹೇಳಲಾಗದು. ಬಟ್ಟೆಯ ಮೇಲೆ ಮನುಷ್ಯರಕ್ತವಿದೆ, ಗುಂಪು ಯಾವುದೆಂದು ಹೇಳಲಾಗದು. 1999ರಲ್ಲಿ ರಾಜಸ್ಥಾನ ಸರ್ಕಾರ ಮತ್ತು ತೇಜಾ ರಾಮ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನೇ ಎದುರಿಸಿ, ಸೀರಮ್ ವಿಘಟನೆಯಾಗಿ ಮೂಲ ಪತ್ತೆಯಾಗದಿದ್ದ ಮಾತ್ರಕ್ಕೆ ಅದು ಮನುಷ್ಯರಕ್ತವೇ ಅಲ್ಲ ಎನ್ನಲಾಗದು ಎಂದಿತು. ಕಾನೂನಿನ ದೃಷ್ಟಿಯಿಂದ ವಿವೇಕದ ಮಾತು. ನನ್ನನ್ನು ಕಾಡುವುದು ಬೇರೆ. ವಿಘಟನೆ ಎಂದರೆ ವಿಧಿಯಾಟವಲ್ಲ, ಅದು ಸೂಕ್ಷ್ಮಜೀವಿಗಳು ಮತ್ತು ಕಿಣ್ವಗಳು ಮಾಡಿದ ಕೆಲಸ. ಎಷ್ಟು ದಿನದಲ್ಲಿ, ಎಷ್ಟು ತೇವದಲ್ಲಿ, ಯಾವ ಚೀಲದೊಳಗೆ ಆಯಿತು ಎಂದು ಕೇಳಿದರೆ ಉತ್ತರ ಸಿಗುವಂಥ ಪ್ರಶ್ನೆ. ಕೇಳುವವರಿಲ್ಲದೆ ಆ ಪದ ಒಂದು ಮುಚ್ಚಳವಾಗಿ ಕೂತಿದೆ.

ಇನ್ನೂ ಒಂದು ಸಂಗತಿ. ಡಿಎನ್‌ಎ ಬರುವ ಮುಂಚೆ ಎಷ್ಟೋ ಮೊಕದ್ದಮೆಗಳು ರಕ್ತದ ಗುಂಪಿನ ಮೇಲೆ ನಿಂತವು. ಹಲವು ಬ್ಯಾಕ್ಟೀರಿಯಾಗಳ ಹೊರಮೈಯಲ್ಲಿ ನಮ್ಮ ಎ, ಬಿ ಗುಂಪುಗಳ ಗುರುತುಗಳನ್ನೇ ಹೋಲುವ ಸಕ್ಕರೆಯ ಸರಪಳಿಗಳಿವೆ. ಕೆಲವು ಬ್ಯಾಕ್ಟೀರಿಯಾಗಳ ಕಿಣ್ವ ಎ ಗುಂಪಿನ ಗುರುತನ್ನು ಬಿ ಯಂತೆ ಕಾಣುವ ಹಾಗೆ ಬದಲಿಸಬಲ್ಲದು. ಆಸ್ಪತ್ರೆಯ ರಕ್ತನಿಧಿಯಲ್ಲಿ ಇದಕ್ಕೆ ‘ಗಳಿಸಿದ ಬಿ’ ಎಂಬ ಹೆಸರೇ ಇದೆ. ಅಂದರೆ ಕೊಳೆತ ಕಲೆ ಉತ್ತರ ಕೊಡದೆ ಸುಮ್ಮನಿರಬಹುದು, ತಪ್ಪು ಉತ್ತರವನ್ನೂ ಕೊಡಬಹುದು. ಎರಡನೆಯದು ಹೆಚ್ಚು ಅಪಾಯದ್ದು. ಇದನ್ನು ಗುರುತಿಸಲು ಬೇಕಾದದ್ದು ಸೂಕ್ಷ್ಮಜೀವಿಶಾಸ್ತ್ರದ ಓದು.

ಈಗ ದೆಹಲಿಯ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಎರಡೂ 2012ರವು.

ಆ ವರ್ಷದ ಫೆಬ್ರವರಿ 9ರಂದು ನೈಋತ್ಯ ದೆಹಲಿಯ ಛಾವ್ಲಾ ಪ್ರದೇಶದಿಂದ ಯುವತಿಯೊಬ್ಬಳನ್ನು ಅಪಹರಿಸಲಾಯಿತು. ಹರಿಯಾಣದ ರೇವಾಡಿ ಜಿಲ್ಲೆಯ ಹೊಲವೊಂದರಲ್ಲಿ ಅವಳ ಶವ ಸಿಕ್ಕಿತು. ಮೂವರಿಗೆ ವಿಚಾರಣಾ ನ್ಯಾಯಾಲಯ 2014ರಲ್ಲಿ ಮರಣದಂಡನೆ ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು. ನವೆಂಬರ್ 7, 2022ರಂದು ಸುಪ್ರೀಂ ಕೋರ್ಟ್ ಮೂವರನ್ನೂ ಬಿಡುಗಡೆ ಮಾಡಿತು. ಡಿಎನ್‌ಎ ವರದಿ ಇತ್ತು, ಆದರೂ ನಿಲ್ಲಲಿಲ್ಲ. ಫೆಬ್ರವರಿ ಮಧ್ಯದಲ್ಲಿ ತೆಗೆದ ಮಾದರಿಗಳು ಪ್ರಯೋಗಾಲಯಕ್ಕೆ ಹೋದದ್ದು 27ರಂದು. ಅಲ್ಲಿಯವರೆಗೂ ಅವು ಠಾಣೆಯ ಮಾಲ್‌ಖಾನೆಯಲ್ಲಿದ್ದವು. ಕೈವಾಡದ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿತು ನ್ಯಾಯಾಲಯ. ಅದಕ್ಕಿಂತ ಮುಖ್ಯವಾಗಿ, ಡಿಎನ್‌ಎ ವರದಿ ಯಾವ ಆಧಾರದ ಮೇಲೆ ಆ ತೀರ್ಮಾನಕ್ಕೆ ಬಂತು, ತಜ್ಞರು ವಿಧಾನವನ್ನು ಸರಿಯಾಗಿ ಬಳಸಿದರೇ ಎಂಬುದನ್ನು ಕೆಳಗಿನ ಎರಡೂ ನ್ಯಾಯಾಲಯಗಳು ಪರಿಶೀಲಿಸಲೇ ಇಲ್ಲ ಎಂದಿತು.

ಈ ಮಾತನ್ನು ನಿಧಾನವಾಗಿ ಓದಬೇಕು. ಮೂರು ಜೀವಗಳನ್ನು ಗಲ್ಲಿಗೇರಿಸುವ ತೀರ್ಪು ಎರಡು ಹಂತ ದಾಟಿತು, ಆದರೂ ವರದಿಯ ಒಳಗೇನಿದೆ ಎಂದು ಪರಿಶೀಲನೆ ನಡೆಯಲಿಲ್ಲ. ಡಿಎನ್‌ಎ ಸುಳ್ಳಾಡುವುದಿಲ್ಲ ಎಂಬ ನಂಬಿಕೆ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ಆ ಮನೆಯವರಿಗೆ ಇಂದಿಗೂ ನ್ಯಾಯ ಸಿಕ್ಕಿಲ್ಲ. ತೀರ್ಪು ಮಾತಾಡಿದ್ದು ಮನುಷ್ಯರ ಕೈವಾಡದ ಸಾಧ್ಯತೆಯ ಬಗ್ಗೆ. ನಾನು ಸೇರಿಸುವುದಿಷ್ಟೆ: ಮಾಲ್‌ಖಾನೆಯಲ್ಲಿ ಕಳೆಯುವ ಎರಡು ವಾರ ಬ್ಯಾಕ್ಟೀರಿಯಾಗಳಿಗೂ ಎರಡು ವಾರವೇ.

ಅದೇ ವರ್ಷದ ಡಿಸೆಂಬರ್ 16ರ ರಾತ್ರಿ ಬಸ್ಸಿನೊಳಗೆ ಯುವತಿಯೊಬ್ಬಳ ಮೇಲೆ ನಡೆದದ್ದನ್ನು ದೇಶ ಮರೆತಿಲ್ಲ. ನಿರ್ಭಯಾ ಪ್ರಕರಣದಲ್ಲಿ ಮರುದಿನವೇ ಬಸ್ಸು ವಶಕ್ಕೆ ಬಂತು. ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು ಬಸ್ಸಿನೊಳಗೇ ಹೋಗಿ ಮಾದರಿ ತೆಗೆದರು. ಬಸ್ಸಿನ ಕಲೆ, ಕಬ್ಬಿಣದ ಸರಳು, ಆರೋಪಿಗಳ ಬಟ್ಟೆ, ಎಲ್ಲದರ ಡಿಎನ್‌ಎ ಒಂದಕ್ಕೊಂದು ತಾಳೆಯಾಯಿತು. ಮೇ 5, 2017ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಎರಡೂ ಪ್ರಕರಣಗಳಲ್ಲಿ ನಗರ ಅದೇ, ವರ್ಷ ಅದೇ, ತಂತ್ರಜ್ಞಾನವೂ ಅದೇ. ಫಲ ಬೇರೆಯಾದದ್ದು ಕಲೆಗೂ ಪ್ರಯೋಗಾಲಯಕ್ಕೂ ನಡುವಿನ ದಿನಗಳಲ್ಲಿ ಎಂದೇ ನಾನು ತಿಳಿದಿದ್ದೇನೆ.

ನಿರ್ಭಯಾ ಪ್ರಕರಣದಲ್ಲಿ ನಮ್ಮ ಧಾರವಾಡದ ಪಾಲೂ ಇತ್ತು. ಸಂತ್ರಸ್ತೆಯ ಮೈಮೇಲಿನ ಕಚ್ಚಿದ ಗುರುತುಗಳನ್ನು ಆರೋಪಿಗಳ ಹಲ್ಲಿನ ಅಚ್ಚಿನೊಂದಿಗೆ ಹೋಲಿಸಿದ್ದು ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನ ತಜ್ಞರು. ನ್ಯಾಯಾಲಯ ಆ ವರದಿಯನ್ನೂ ಒಪ್ಪಿತು. ಕನ್ನಡಿಗರು ಅದನ್ನು ಹೆಮ್ಮೆಯಿಂದ ಹೇಳಿಕೊಂಡೆವು. ಆದರೆ ವಿಮರ್ಶೆ ಎಂದ ಮೇಲೆ ನಮ್ಮವರೆಂದು ಬಿಡುವಂತಿಲ್ಲ. ಕಚ್ಚಿದ ಗುರುತಿನ ಹೋಲಿಕೆಗೆ ಸಾಕಷ್ಟು ವೈಜ್ಞಾನಿಕ ತಳಹದಿ ಇಲ್ಲ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರಲ್ಲೇ ಹೇಳಿತ್ತು. 2016ರಲ್ಲಿ ಅಲ್ಲಿನ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಇನ್ನೂ ಖಂಡಿತವಾಗಿ ಹೇಳಿತು. ಕಾರಣ ಜೀವಶಾಸ್ತ್ರದ್ದೇ: ಚರ್ಮ ಮೇಣವಲ್ಲ. ಅದು ಹಿಗ್ಗುತ್ತದೆ, ಬಾತುಕೊಳ್ಳುತ್ತದೆ, ಗಂಟೆಗಂಟೆಗೆ ಗಾಯದ ಬಣ್ಣ ಮತ್ತು ಅಂಚು ಬದಲಾಗುತ್ತದೆ. ಆ ತೀರ್ಪಿಗೆ ಡಿಎನ್‌ಎ, ಮರಣಪೂರ್ವ ಹೇಳಿಕೆ, ಪ್ರತ್ಯಕ್ಷ ಸಾಕ್ಷಿ ಎಂಬ ಬೇರೆ ಕಂಬಗಳಿದ್ದವು, ಅದು ನಿಂತಿತು. ಬರೀ ಹಲ್ಲಿನ ಗುರುತಿನ ಮೇಲೆ ಒಬ್ಬರನ್ನು ಜೈಲಿಗೆ ಕಳಿಸುವ ದಿನ ಬಂದರೆ ನಾನು ಒಪ್ಪಲಾರೆ.

ದೆಹಲಿಗೆ ಡಿಎನ್‌ಎಯ ನಂಟು ಹಳೆಯದು. 1995ರ ಜುಲೈಯಲ್ಲಿ ಹೋಟೆಲೊಂದರ ತಂದೂರಿನಲ್ಲಿ ಅರೆಬೆಂದ ಶವದ ಗುರುತು ಹಿಡಿದದ್ದು ಹೈದರಾಬಾದಿನಲ್ಲಿ ವಿಜ್ಞಾನಿ ಲಾಲ್‌ಜಿ ಸಿಂಗ್ ಅವರ ತಂಡ, ಹೆತ್ತವರ ರಕ್ತದೊಂದಿಗೆ ಹೋಲಿಸಿ. ಮರುವರ್ಷದ ಪ್ರಿಯದರ್ಶಿನಿ ಮಟ್ಟೂ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ ಡಿಎನ್‌ಎ ಸಾಕ್ಷ್ಯವನ್ನು ನಂಬದೆ 1999ರಲ್ಲಿ ಆರೋಪಿಯನ್ನು ಬಿಟ್ಟಿತು. 2006ರಲ್ಲಿ ದೆಹಲಿ ಹೈಕೋರ್ಟ್ ಅದೇ ಸಾಕ್ಷ್ಯವನ್ನು ನಂಬಿ ಶಿಕ್ಷೆ ಕೊಟ್ಟಿತು. ನೋಯ್ಡಾದ ಆರುಷಿ ಪ್ರಕರಣದಲ್ಲಿ ದಿಂಬಿನ ಕವರಿನ ಬಗ್ಗೆ 2008ರ ವರದಿಯಲ್ಲಿದ್ದದ್ದು ಟೈಪಿಂಗ್ ತಪ್ಪು ಎಂದು ಪ್ರಯೋಗಾಲಯ 2011ರಲ್ಲಿ ಸ್ಪಷ್ಟೀಕರಣ ಕೊಟ್ಟಿತು. ಡಿಎನ್‌ಎ ಸುಳ್ಳಾಡದಿರಬಹುದು. ಅದನ್ನು ತೆಗೆಯುವವರು, ಇಡುವವರು, ಟೈಪು ಮಾಡುವವರು, ಓದುವವರು ತಪ್ಪುತ್ತಾರೆ.

ಜರ್ಮನಿಯಲ್ಲಂತೂ 1993ರಿಂದ 2008ರವರೆಗಿನ ಹತ್ತಾರು ಅಪರಾಧಗಳಲ್ಲಿ ಒಂದೇ ಹೆಂಗಸಿನ ಡಿಎನ್‌ಎ ಸಿಕ್ಕಿತು. ಪೊಲೀಸರು ವರ್ಷಗಟ್ಟಲೆ ಅವಳನ್ನು ಹುಡುಕಿದರು. 2009ರಲ್ಲಿ ತಿಳಿಯಿತು: ಅದು ಮಾದರಿ ತೆಗೆಯುವ ಹತ್ತಿಯ ಕಡ್ಡಿ ತಯಾರಿಸುವಲ್ಲಿ ಕೆಲಸ ಮಾಡುತ್ತಿದ್ದವಳದು. ಕಡ್ಡಿಗಳು ಕ್ರಿಮಿಶುದ್ಧವಾಗಿದ್ದವು, ಡಿಎನ್‌ಎ ಮುಕ್ತವಾಗಿರಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿ ಮೊದಲ ವರ್ಷದಲ್ಲೇ ಕಲಿಯುತ್ತಾನೆ. ಜೀವಾಣು ಸತ್ತರೂ ಅದರ ಡಿಎನ್‌ಎ ಉಳಿಯಬಲ್ಲದು.

ಯಂತ್ರವನ್ನು ಮೆಚ್ಚುವವರಿಗೆ ಇನ್ನೊಂದನ್ನು ನೆನಪಿಸಬೇಕು. ಇಂದು ಪ್ರತಿ ಡಿಎನ್‌ಎ ಪ್ರಯೋಗಾಲಯ ನಡೆಯುವುದು ಪಿಸಿಆರ್ ಮೇಲೆ, ಚೂರು ಡಿಎನ್‌ಎಯನ್ನು ಕೋಟಿಗಟ್ಟಲೆ ಪ್ರತಿ ಮಾಡುವ ವಿಧಾನ. ಕ್ಯಾರಿ ಮುಲ್ಲಿಸ್ ಅವರಿಗೆ ಅದು ಹೊಳೆದದ್ದು 1983ರಲ್ಲಿ, ನೊಬೆಲ್ ಬಂದದ್ದು 1993ರಲ್ಲಿ. ಅದು ದಿನನಿತ್ಯದ ಕೆಲಸಕ್ಕೆ ಒದಗುವಂತಾದದ್ದು ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದಿಂದ. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ, ಯಾವ ಲಾಭದ ಯೋಚನೆಯೂ ಇಲ್ಲದೆ, ಅದನ್ನು ಕಂಡುಹಿಡಿದರು. ಕುದಿಯುವಷ್ಟು ಬಿಸಿಯಲ್ಲೂ ಕೆಡದ ಅದರ ಕಿಣ್ವವೇ ಪಿಸಿಆರ್‌ನ ಜೀವಾಳ. ಅಪರಾಧ ಪತ್ತೆಗೂ ಬ್ಯಾಕ್ಟೀರಿಯಾಕ್ಕೂ ಏನು ಸಂಬಂಧ ಎಂದು ಕೇಳಿದ ಆ ತಂದೆಗೆ ನಾನು ಮೊದಲು ಹೇಳಿದ್ದು ಇದನ್ನೇ.

2022ರ ನವೆಂಬರ್‌ನಲ್ಲಿ ಬಯಲಾದ, ಮೆಹ್ರೌಲಿಯಲ್ಲಿ ನಡೆದ ಯುವತಿಯೊಬ್ಬಳ ಕೊಲೆ ಪ್ರಕರಣ ನೋಡಿ. ತಿಂಗಳುಗಟ್ಟಲೆ ಕಾಡಿನಲ್ಲಿ ಮಳೆ, ಮಣ್ಣು, ನಾಯಿ-ನರಿಗಳ ಪಾಲಾಗಿದ್ದ ಮೂಳೆಗಳು. ಅಂಥ ಮೂಳೆಯಲ್ಲಿ ಮನುಷ್ಯರದಕ್ಕಿಂತ ಮಣ್ಣಿನ ಬ್ಯಾಕ್ಟೀರಿಯಾದ ಡಿಎನ್‌ಎಯೇ ಹೆಚ್ಚಿರುವುದು ಸಾಮಾನ್ಯ. ಮಣ್ಣಿನ ಹ್ಯೂಮಿಕ್ ಆಮ್ಲ ಪಿಸಿಆರನ್ನೇ ತಡೆಯುತ್ತದೆ. 2023ರ ಜನವರಿಯಲ್ಲಿ ಹೈದರಾಬಾದಿನಿಂದ ಮೂಳೆ ಮತ್ತು ಕೂದಲಿನ ಮೈಟೊಕಾಂಡ್ರಿಯಾ ಡಿಎನ್‌ಎ ವರದಿ ಬಂದಾಗ ಸುದ್ದಿಗಳಲ್ಲಿ ಅವಳ ತಂದೆ ಮತ್ತು ಸೋದರನ ಹೆಸರು ಒಂದೇ ಉಸಿರಿನಲ್ಲಿ ಬಂದವು. ಮೈಟೊಕಾಂಡ್ರಿಯಾ ತಾಯಿಯಿಂದಲೇ ಬರುವಂಥದ್ದು. ಆ ಪರೀಕ್ಷೆಯಲ್ಲಿ ತಂದೆಗೂ ಮಗಳಿಗೂ ಹೋಲಿಕೆ ನಿರೀಕ್ಷಿಸುವಂತಿಲ್ಲ, ಸೋದರನೊಂದಿಗೆ ಮಾತ್ರ ನಿರೀಕ್ಷಿಸಬಹುದು. ತಂದೆಯೊಂದಿಗೆ ತಾಳೆ ನೋಡಲು ಬೇರೆಯ, ಕೋಶಕೇಂದ್ರದ ಡಿಎನ್‌ಎ ಬೇಕು. ಎರಡೂ ಪರೀಕ್ಷೆಗಳು ‘ಡಿಎನ್‌ಎ’ ಎಂಬ ಒಂದೇ ಹೆಸರಿನಲ್ಲಿ ಕರಗಿಹೋದವು. ವಕೀಲರು ಇಂಥ ಕಡೆ ಸಾಕ್ಷಿಯನ್ನು ಹಿಡಿದು ಅಲ್ಲಾಡಿಸುತ್ತಾರೆ, ಅಲ್ಲಾಡಿಸಲೂಬೇಕು.

ಸೂಕ್ಷ್ಮಜೀವಿಗಳು ಬಡವರ ಮನೆಯನ್ನು ತಟ್ಟುವ ಇನ್ನೊಂದು ಜಾಗವಿದೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಲಾರಿ ಚಾಲಕನೊಬ್ಬ ಮೇ ತಿಂಗಳ ಬಿಸಿಲಲ್ಲಿ ಅಪಘಾತದಲ್ಲಿ ಸಾಯುತ್ತಾನೆ ಎನ್ನಿ. ಶವ ತಂಪಿಲ್ಲದೆ ಒಂದು ದಿನ ಬಿದ್ದಿರುತ್ತದೆ. ಪರೀಕ್ಷೆಯಲ್ಲಿ ರಕ್ತದಲ್ಲಿ ಮದ್ಯಸಾರ ಸಿಗುತ್ತದೆ. ಕುಡಿದು ಓಡಿಸಿದ ಎಂದು ತೀರ್ಮಾನ, ಪರಿಹಾರಕ್ಕೆ ಕಲ್ಲು. ಆದರೆ ಸತ್ತ ಮೇಲೆ ಕರುಳಿನ ಬ್ಯಾಕ್ಟೀರಿಯಾ, ಯೀಸ್ಟುಗಳು ದೇಹದ ಸಕ್ಕರೆಯನ್ನು ಹುದುಗಿಸಿ ತಾವೇ ಮದ್ಯಸಾರ ಉಂಟುಮಾಡುತ್ತವೆ. ದೋಸೆ ಹಿಟ್ಟು ಹುಳಿಯುವುದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಇದನ್ನು ತಡೆಯಲು ರಕ್ತದ ಮಾದರಿಗೆ ಸೋಡಿಯಂ ಫ್ಲೋರೈಡ್ ಬೆರೆಸಬೇಕು. ಎನ್-ಪ್ರೊಪನಾಲ್‌ನಂಥ ಜೊತೆಗಾರ ರಾಸಾಯನಿಕ ಇದೆಯೇ, ಕಣ್ಣಿನ ದ್ರವದಲ್ಲಿ ಮದ್ಯಸಾರದ ಪ್ರಮಾಣವೆಷ್ಟು ಎಂದು ನೋಡಿದರೆ ಕುಡಿದದ್ದೋ ಕೊಳೆತದ್ದೋ ಅಂದಾಜು ಮಾಡಬಹುದು. ಕೇಳಲು ಗೊತ್ತಿದ್ದವರು ಕೇಳಬೇಕಷ್ಟೆ.

ನನ್ನ ವಾದಕ್ಕೆ ಎದುರುತ್ತರವಿದೆ, ಅದು ಗಟ್ಟಿಯಾದದ್ದೇ. ಬರೀ ಸಸ್ಯಶಾಸ್ತ್ರವೋ ಸೂಕ್ಷ್ಮಜೀವಿಶಾಸ್ತ್ರವೋ ಓದಿದವರಿಗೆ ಮಹಜರು ಗೊತ್ತಿಲ್ಲ, ಸೀಲು ಹಾಕುವ ಕ್ರಮ ಗೊತ್ತಿಲ್ಲ, ಪಾಟೀಸವಾಲಿನಲ್ಲಿ ನಿಲ್ಲುವುದು ಗೊತ್ತಿಲ್ಲ. ಫೊರೆನ್ಸಿಕ್ ಪದವೀಧರರಿಗೆ ಅದು ಗೊತ್ತು. ಒಪ್ಪುತ್ತೇನೆ. ಆದರೆ ಅದು ಎರಡು ವರ್ಷದ ಎಂಎಸ್ಸಿಯಲ್ಲಿ, ಒಂದಷ್ಟು ಒಳ್ಳೆಯ ಗುರುಗಳ ಕೈಕೆಳಗೆ ಕಲಿಯಬಹುದಾದ ವಿದ್ಯೆ. ಮೂರು ವರ್ಷದಲ್ಲಿ ಬೆರಳಚ್ಚು, ಕೈಬರಹ, ಗುಂಡು, ವಿಷ, ಸೈಬರ್, ಡಿಎನ್‌ಎ ಎಲ್ಲವನ್ನೂ ಒಂದೊಂದು ಸೆಮಿಸ್ಟರಿನಷ್ಟು ನೆಕ್ಕಿ ಬಂದವರಿಗೆ ಜೀವಕೋಶದ ಅರಿವನ್ನು ಆಮೇಲೆ ತುಂಬುವುದು ಕಷ್ಟ. ಬುನಾದಿ ಹಾಕದೆ ಮಹಡಿ ಕಟ್ಟಿದ ಹಾಗೆ. ಪ್ರಯೋಗಾಲಯಗಳ ಜೀವಶಾಸ್ತ್ರ ವಿಭಾಗಗಳು ಮೊದಲಿನಿಂದಲೂ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದಿದವರನ್ನು ತೆಗೆದುಕೊಳ್ಳುತ್ತ ಬಂದಿವೆ. ಆ ಹಳೆಯ ಕ್ರಮದಲ್ಲಿ ಬುದ್ಧಿಯಿತ್ತು.

ಸೂಕ್ಷ್ಮಜೀವಿಗಳ ಬಗ್ಗೆ ಅತಿ ಮಾತೂ ಬೇಡ. ಶವದ ಮೇಲಿನ ಬ್ಯಾಕ್ಟೀರಿಯಾ ನೋಡಿ ಸಾವಿನ ಹೊತ್ತು ಹೇಳುವ ಸಂಶೋಧನೆ ನಡೆದಿದೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು 36 ಶವಗಳನ್ನು ಗಮನಿಸಿ ಭರವಸೆಯ ಫಲ ಕೊಟ್ಟಿದೆ. ಅದೆಲ್ಲ ಅಮೆರಿಕದ ಮಣ್ಣು, ಅಮೆರಿಕದ ಹವೆ. ಯಮುನೆಯ ದಂಡೆಗೂ ಅರಾವಳಿಯ ಕುರುಚಲಿಗೂ ಅದನ್ನು ಹಾಗೇ ಹೊದಿಸಲಾಗದು. 2001ರಲ್ಲಿ ಅಮೆರಿಕದಲ್ಲಿ ಅಂಚೆಯಲ್ಲಿ ಆಂಥ್ರಾಕ್ಸ್ ಕಳಿಸಿ ಐವರನ್ನು ಕೊಂದ ಪ್ರಕರಣದಲ್ಲಿ ಬ್ಯಾಕ್ಟೀರಿಯಾದ ತಳಿ ಹಿಡಿದು ಹೋದ ತನಿಖೆಯನ್ನು ಪರಿಶೀಲಿಸಿದ ಸಮಿತಿ, ಬರೀ ವಿಜ್ಞಾನದಿಂದ ಮೂಲದ ಬಗ್ಗೆ ಖಚಿತ ತೀರ್ಮಾನಕ್ಕೆ ಬರಲಾಗದು ಎಂದು 2011ರಲ್ಲಿ ಹೇಳಿತು. ಹಾಗೆ ಹೇಳುವ ಧೈರ್ಯವೇ ವಿಜ್ಞಾನ. ಅದು ಬರುವುದು ವಿಷಯದ ಆಳ ಬಲ್ಲವರಿಗೆ.

2025ರ ಜುಲೈಯಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಡಿಎನ್‌ಎ ಮಾದರಿಗಳು 48 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಬೇಕು, ಪ್ರತಿ ಕೈಬದಲಾವಣೆಯೂ ದಾಖಲಾಗಬೇಕು ಎಂದು ಆದೇಶಿಸಿತು. ಬಹಳ ಒಳ್ಳೆಯ ಆದೇಶ. ರೋಹಿಣಿಯ ಪ್ರಯೋಗಾಲಯದಲ್ಲಿ, ಬೆಂಗಳೂರಿನ ಮಡಿವಾಳದಲ್ಲಿ, 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಧಾರವಾಡದ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣದಲ್ಲಿ ಇದು ಪಾಠವಾಗಬೇಕು, ಕಾರಣ ಸಮೇತ. 48 ಗಂಟೆಯಷ್ಟೇ ಆದರೂ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಗಡುವು ಪಾಲಿಸಿದರೂ ಸಾಕ್ಷ್ಯ ಉಳಿಯದೆ ಹೋಗಬಹುದು.

ಆ ದಾವಣಗೆರೆಯ ತಂದೆಗೆ, ಮಗಳು ಮೈಕ್ರೊಬಯಾಲಜಿಯನ್ನೇ ಓದಲಿ, ಫೊರೆನ್ಸಿಕ್ ಎಂಎಸ್ಸಿಯಲ್ಲಿ ಮಾಡಲಿ ಎಂದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯದು, ಯೋಚಿಸುತ್ತೇನೆ ಎಂದರು. ಪ್ರಯೋಗಾಲಯಗಳನ್ನು ನಡೆಸುವವರಲ್ಲಿ ನನ್ನದೊಂದೇ ಬೇಡಿಕೆ. ಇನ್ನು ಮುಂದೆ ‘ವಿಘಟನೆಗೊಂಡ ಕಾರಣ’ ಎಂದು ಬರೆದಾಗ ಅದರ ಕೆಳಗೆ ಐದು ಸಾಲು ಸೇರಿಸಿ: ಮಾದರಿ ಯಾವಾಗ ತೆಗೆದದ್ದು, ಯಾವಾಗ ಬಂದದ್ದು, ಯಾವ ಚೀಲದಲ್ಲಿ ಬಂತು, ತೆರೆದಾಗ ಒದ್ದೆಯಿತ್ತೇ, ಬೂಷ್ಟು ಹಿಡಿದಿತ್ತೇ. ಮಗಳನ್ನು ಕಳೆದುಕೊಂಡ ಮನೆಯವರಿಗೂ, ಕಟಕಟೆಯಲ್ಲಿ ನಿಂತವರಿಗೂ ಅಷ್ಟು ತಿಳಿಯುವ ಹಕ್ಕಿದೆ.